ಪದವಿ ತರಗತಿಯ ಸಂಖ್ಯಾಶಾಸ್ತ್ರ: ಅಂತಿಮ ಗ್ರೇಡನ್ನು ಎಣಿಸುವ ಕ್ರಮ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದ ಆದೋನಿ, ಆಲೂರು ಸೀಮೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ನಡೆಯುತ್ತಿವೆ. ಈ ಶಾಲೆಗಳಿಂದ ಹೊರಟ ವಿದ್ಯಾರ್ಥಿಯು ಪದವಿ ಕಾಲೇಜನ್ನು ಸೇರಿದಾಗ ಬೋಧನೆಯ ಭಾಷೆ ಮಾತ್ರವಲ್ಲದೆ ಮೌಲ್ಯಮಾಪನದ ಲೆಕ್ಕವೂ ಬದಲಾಗಿರುತ್ತದೆ. ಮೊದಲ ಸೆಮಿಸ್ಟರಿನ ಅಂಕಪಟ್ಟಿಯನ್ನು ಹಿಡಿದು ಹಳೆಯ ಶಾಲೆಯ ಗಣಿತ ಶಿಕ್ಷಕರ ಬಳಿಗೆ ಬರುವವರುಂಟು. ಅವರಿಗೆ ಉತ್ತರಿಸಲು ಈ ವಿವರಣೆ ನೆರವಾಗಬಹುದು.

ಆಂಧ್ರಪ್ರದೇಶದ ಪದವಿ ಕಾಲೇಜುಗಳಲ್ಲಿ 2015-16ರಿಂದ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ ಜಾರಿಗೆ ಬಂದಿದೆ. ಸಾಮಾನ್ಯವಾಗಿ ಒಂದು ಪತ್ರಿಕೆಯ 100 ಅಂಕಗಳಲ್ಲಿ 25 ಆಂತರಿಕ ಪರೀಕ್ಷೆಗೂ 75 ಸೆಮಿಸ್ಟರ್ ಕೊನೆಯ ಪರೀಕ್ಷೆಗೂ ಮೀಸಲು. ಸಂಖ್ಯಾಶಾಸ್ತ್ರದಲ್ಲಿ ಪ್ರಾಯೋಗಿಕ ಪರೀಕ್ಷೆ ಬೇರೆಯೇ ಇದೆ. ಗಳಿಸಿದ ಅಂಕಗಳು ನೇರವಾಗಿ ಫಲಿತಾಂಶವಾಗುವುದಿಲ್ಲ. ಮೊದಲು ಅವು ಗ್ರೇಡ್ ಅಂಕಗಳಾಗಿ ಮಾರ್ಪಡುತ್ತವೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ಸೂಚಿಸಿದ ಹತ್ತರ ಮಾಪಕದಲ್ಲಿ ‘ಓ’ ಗ್ರೇಡಿಗೆ 10, ‘ಎ ಪ್ಲಸ್’ಗೆ 9, ‘ಎ’ಗೆ 8, ‘ಬಿ ಪ್ಲಸ್’ಗೆ 7, ‘ಬಿ’ಗೆ 6, ‘ಸಿ’ಗೆ 5, ‘ಪಿ’ಗೆ 4, ಅನುತ್ತೀರ್ಣರಿಗೂ ಗೈರುಹಾಜರಾದವರಿಗೂ ಸೊನ್ನೆ. ಶೇಕಡಾ ಎಷ್ಟಕ್ಕೆ ಯಾವ ಗ್ರೇಡ್ ಎಂಬುದನ್ನು ಆಯಾ ವಿಶ್ವವಿದ್ಯಾಲಯ ನಿರ್ಧರಿಸುತ್ತದೆ.

ವಿದ್ಯಾರ್ಥಿಗಳು ಎಡವುವುದು ಇದರ ಮುಂದಿನ ಹಂತದಲ್ಲಿ. ಎಸ್.ಎಸ್.ಸಿ. ಫಲಿತಾಂಶವನ್ನು ಗ್ರೇಡುಗಳಲ್ಲಿ ಕೊಡುತ್ತಿದ್ದ ವರ್ಷಗಳಲ್ಲಿ ಎಲ್ಲ ವಿಷಯಗಳಿಗೂ ಸಮಾನ ಬೆಲೆಯಿತ್ತು. ಗ್ರೇಡ್ ಅಂಕಗಳನ್ನು ಕೂಡಿಸಿ ವಿಷಯಗಳ ಸಂಖ್ಯೆಯಿಂದ ಭಾಗಿಸಿದರೆ ಮುಗಿಯುತ್ತಿತ್ತು. ಪದವಿಯಲ್ಲಿ ಪ್ರತಿ ಪತ್ರಿಕೆಗೂ ಕ್ರೆಡಿಟ್ ಎಂಬ ತೂಕವಿದೆ.

ಆದೋನಿಯ ಹತ್ತಿ ಮಾರುಕಟ್ಟೆಗೆ ಹೋಗಿಬಂದ ರೈತನ ಮಗುವಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. 4 ಕ್ವಿಂಟಲ್ ಹತ್ತಿ 6,000 ರೂಪಾಯಿ ದರದಲ್ಲಿಯೂ 1 ಕ್ವಿಂಟಲ್ 7,000 ರೂಪಾಯಿ ದರದಲ್ಲಿಯೂ ಮಾರಾಟವಾಯಿತೆನ್ನೋಣ. ಸರಾಸರಿ ದರ 6,500 ಎಂದು ಯಾವ ರೈತನೂ ಹೇಳಲಾರ. ಕೈಗೆ ಬಂದದ್ದು ಒಟ್ಟು 31,000. ಐದರಿಂದ ಭಾಗಿಸಿದರೆ 6,200. ಗ್ರೇಡಿನ ಲೆಕ್ಕವೂ ಇದೇ.

ಒಬ್ಬ ವಿದ್ಯಾರ್ಥಿನಿಗೆ ಸಂಖ್ಯಾಶಾಸ್ತ್ರದ ಲಿಖಿತ ಪತ್ರಿಕೆಯಲ್ಲಿ ಆಂತರಿಕ 21, ಅಂತಿಮ ಪರೀಕ್ಷೆಯಲ್ಲಿ 38, ಒಟ್ಟು 59 ಬಂದಿವೆ. ಪ್ರಾಯೋಗಿಕದಲ್ಲಿ 50ಕ್ಕೆ 45. ಲಿಖಿತ ಪತ್ರಿಕೆಗೆ 4 ಕ್ರೆಡಿಟ್, ಪ್ರಾಯೋಗಿಕಕ್ಕೆ 1 ಎಂದೂ, 50ರಿಂದ 59ರವರೆಗೆ 6, 60ರಿಂದ 69ರವರೆಗೆ 7, 90 ಮತ್ತು ಅದಕ್ಕೆ ಮೇಲ್ಪಟ್ಟು 10 ಗ್ರೇಡ್ ಅಂಕಗಳೆಂದೂ ಇಟ್ಟುಕೊಳ್ಳೋಣ. ಆಕೆ 6 ಮತ್ತು 10ರ ನಡುವಣ 8ನ್ನು ನಿರೀಕ್ಷಿಸುತ್ತಾಳೆ. ನಿಜವಾದ ಲೆಕ್ಕ: 6×4 ಮತ್ತು 10×1 ಕೂಡಿ 34; ಐದು ಕ್ರೆಡಿಟ್‌ಗಳಿಂದ ಭಾಗಿಸಿದರೆ 6.8. ಹತ್ತನೆಯ ತರಗತಿಯಲ್ಲಿ ಆವೃತ್ತಿ ವಿತರಣೆಯ ಸರಾಸರಿಯನ್ನು ನೇರ ವಿಧಾನದಿಂದ ಕಲಿಸಿದ ಶಿಕ್ಷಕರಿಗೆ ಇದು ಹೊಸದಲ್ಲ. ಆವೃತ್ತಿಯ ಜಾಗದಲ್ಲಿ ಕ್ರೆಡಿಟ್ ಕುಳಿತಿದೆ, ಅಷ್ಟೆ.

ಅದೇ ವಿದ್ಯಾರ್ಥಿನಿಗೆ ಲಿಖಿತ ಪತ್ರಿಕೆಯಲ್ಲಿ ಇನ್ನೊಂದೇ ಅಂಕ ಬಂದು 60 ಆಗಿದ್ದರೆ ಫಲಿತಾಂಶ 7.6ಕ್ಕೆ ಏರುತ್ತಿತ್ತು. ಆ ಬಳಿಕ 69ರವರೆಗೆ ಗಳಿಸಿದ ಒಂಬತ್ತು ಅಂಕಗಳಿಂದ ಏನೂ ಬದಲಾಗುತ್ತಿರಲಿಲ್ಲ. ದತ್ತಾಂಶವನ್ನು ವರ್ಗಾಂತರಗಳಲ್ಲಿ ಇರಿಸಿದಾಗ ಒಳಗಿನ ವ್ಯತ್ಯಾಸಗಳು ಅಳಿದುಹೋಗುತ್ತವೆಂಬ ಪಾಠಕ್ಕೆ ಇದಕ್ಕಿಂತ ಸಮೀಪದ ಉದಾಹರಣೆ ಸಿಗಲಾರದು. ಗಡಿಯ ಬಳಿ ಇರುವವರಿಗೆ ಮರುಎಣಿಕೆಯ ಅರ್ಜಿ ಸಾರ್ಥಕವಾಗಬಹುದು. ನಡುವಿನಲ್ಲಿರುವವರಿಗೆ ಶುಲ್ಕ ವ್ಯರ್ಥವಾಗುವ ಸಂಭವವೇ ಹೆಚ್ಚು.

ಆಂತರಿಕ ಅಂಕಗಳನ್ನೇ ನೆಚ್ಚಿಕೊಳ್ಳುವುದು ಇನ್ನೊಂದು ಅಪಾಯ. ಅಂತಿಮ ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ ಕನಿಷ್ಠ ಅಂಕ ಪಡೆಯಬೇಕೆಂಬ ನಿಯಮ ಹಲವೆಡೆ ಇದೆ. ಆ ಮಿತಿ 75ಕ್ಕೆ 30 ಎಂದಾದರೆ, 25 ಮತ್ತು 28 ಸೇರಿ 53 ಪಡೆದವನೂ ಅನುತ್ತೀರ್ಣನೇ. ಅವನ ಗ್ರೇಡ್ ಅಂಕ ಸೊನ್ನೆಯಾದರೂ ನಾಲ್ಕು ಕ್ರೆಡಿಟ್ ಭಾಜಕದಲ್ಲಿ ಉಳಿದು ಸರಾಸರಿಯನ್ನು ಕೆಳಗೆಳೆಯುತ್ತದೆ. ಆದುದರಿಂದ ನಿಯಮಾವಳಿಯ ಆ ಒಂದು ಪುಟವನ್ನು ಪ್ರವೇಶದ ದಿನವೇ ಓದಿಕೊಳ್ಳುವಂತೆ ಹೇಳುವುದು ಒಳ್ಳೆಯದು.

ಸೆಮಿಸ್ಟರುಗಳನ್ನು ಒಟ್ಟುಗೂಡಿಸುವಾಗಲೂ ಕ್ರಮ ಬದಲಾಗದು. 20 ಕ್ರೆಡಿಟ್‌ಗಳಲ್ಲಿ 6.5, 24 ಕ್ರೆಡಿಟ್‌ಗಳಲ್ಲಿ 7.5 ಬಂದರೆ ಸಂಚಿತ ಸರಾಸರಿ 310ನ್ನು 44ರಿಂದ ಭಾಗಿಸಿದ 7.05, ಸರಿಯಾಗಿ 7 ಅಲ್ಲ.

ಪದಗಳ ತೊಡಕೂ ಇದೆ. ಕನ್ನಡದಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಎಂದು ಕಲಿತವರು ತೆಲುಗಿನಲ್ಲಿ ಅಂಕಮಧ್ಯಮಂ, ಮಧ್ಯಗತಂ, ಬಾಹುಳಕಂ ಎಂಬುದನ್ನೂ, ಇಂಗ್ಲಿಷಿನಲ್ಲಿ ಮೀನ್, ಮೀಡಿಯನ್, ಮೋಡ್ ಎಂಬುದನ್ನೂ ಎದುರಿಸುತ್ತಾರೆ. ಮಧ್ಯಾಂಕಕ್ಕೂ ಅಂಕಮಧ್ಯಮಕ್ಕೂ ಇರುವ ಧ್ವನಿಸಾಮ್ಯವು ವಿಶೇಷವಾಗಿ ದಾರಿ ತಪ್ಪಿಸುತ್ತದೆ: ಮೊದಲನೆಯದು ಏರಿಕೆಯ ಕ್ರಮದಲ್ಲಿ ನಡುವಣ ಬೆಲೆ, ಎರಡನೆಯದು ಸರಾಸರಿ. ಹತ್ತನೆಯ ತರಗತಿಯ ಸಂಖ್ಯಾಶಾಸ್ತ್ರದ ಅಧ್ಯಾಯ ಮುಗಿಯುವ ವಾರದಲ್ಲಿ ಈ ಮೂರು ಭಾಷೆಗಳ ಪದಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆಯಿಸಲು ಒಂದು ಅವಧಿ ಸಾಕು.