ಬಲವಂತದ ನಮಸ್ಕಾರ

ಹಿರಿಯರನ್ನು ಕಂಡರೆ ಕೈ ತಾನಾಗಿ ಮುಗಿಯುತ್ತದೆ. ವಿದ್ಯೆ ಕಲಿಸಿದವರ ಮುಂದೆ ತಲೆ ಬಾಗುತ್ತದೆ. ಆದರೆ ಬಂದೂಕು ಹಿಡಿದು ಮಾಡಿಸಿಕೊಂಡ ನಮಸ್ಕಾರಕ್ಕೆ ಏನೆನ್ನೋಣ?

1942ರ ಫೆಬ್ರವರಿ 15ರಂದು ಸಿಂಗಪುರದಲ್ಲಿ ಬ್ರಿಟಿಷ್ ಸೇನೆ ಜಪಾನೀಯರಿಗೆ ಶರಣಾಯಿತು. ಊರಿಗೆ ‘ಶೋನಾನ್’ ಎಂಬ ಹೊಸ ಹೆಸರು ಬಂತು. ಗಡಿಯಾರಗಳು ಟೋಕಿಯೋ ವೇಳೆಗೆ ತಿರುಗಿದವು. ಸೇತುವೆಗಳ ಬಳಿ, ಬೀದಿಗಳು ಕೂಡುವಲ್ಲಿ ಕಾವಲಿನ ಸಿಪಾಯಿಗಳು ನಿಂತರು. ಅವರೆದುರು ಹಾಯುವವರೆಲ್ಲರೂ ಸೊಂಟ ಬಾಗಿಸಿ ವಂದಿಸಬೇಕು. ಮರೆತವನಿಗೆ ಕಪಾಳಮೋಕ್ಷ, ಕೆಲವೊಮ್ಮೆ ಸುಡುಬಿಸಿಲಿನಲ್ಲಿ ನಿಲ್ಲುವ ಶಿಕ್ಷೆ.

ಹೀಗೇಕೆ? ಬಾಗಿ ವಂದಿಸುವುದು ಜಪಾನಿನಲ್ಲಿ ದಿನನಿತ್ಯದ ಮರ್ಯಾದೆ. ಆದರೆ ಸೈನಿಕರಿಗಾಗಿ 1882ರಲ್ಲಿ ಹೊರಟ ರಾಜಶಾಸನವು ಮೇಲಧಿಕಾರಿಯ ಆಜ್ಞೆಯನ್ನು ಚಕ್ರವರ್ತಿಯ ಆಜ್ಞೆಯೆಂದೇ ತಿಳಿಯತಕ್ಕದ್ದೆಂದು ವಿಧಿಸಿತ್ತು. ಆದ್ದರಿಂದ ಕಾವಲಿನವನಿಗೆ ತೋರದ ಗೌರವ ಚಕ್ರವರ್ತಿಗೇ ಮಾಡಿದ ಅವಮಾನವೆನಿಸಿತು. ಕೆನ್ನೆಗೆ ಹೊಡೆಯುವುದಂತೂ ಆ ಸೇನೆಯೊಳಗೇ ಇದ್ದ ರೂಢಿ. ಮೇಲಿನವರಿಂದ ಪೆಟ್ಟು ತಿಂದ ಸಿಪಾಯಿಗೆ ತನ್ನ ಕೆಳಗೆ ಸಿಕ್ಕವನು ದಾರಿಹೋಕನೊಬ್ಬನೇ.

ಯುರೋಪಿನಲ್ಲೂ ಇಂಥದೇ ನಡೆಯಿತು. ಜರ್ಮನರು ಆಕ್ರಮಿಸಿದ ಪೋಲೆಂಡಿನ ಹಲವೆಡೆ ಯೆಹೂದ್ಯರು ಜರ್ಮನರನ್ನು ಕಂಡೊಡನೆ ಟೋಪಿ ತೆಗೆಯಬೇಕಿತ್ತು. ತೆಗೆಯದಿದ್ದರೆ ಪೆಟ್ಟು, ತೆಗೆದರೆ, ‘ನೀನೇನು ನನ್ನ ಗೆಳೆಯನೋ’ ಎಂಬಂತೆ, ಒಮ್ಮೊಮ್ಮೆ ಅದಕ್ಕೂ ಪೆಟ್ಟು! ಅಂದಮೇಲೆ ಬೇಕಾಗಿದ್ದುದು ಮರ್ಯಾದೆಯಲ್ಲ. ಸೋತವರು ಯಾರೆಂಬುದನ್ನು ದಿನವೂ ನೆನಪಿಸುವುದು.

1945ರ ಸೆಪ್ಟೆಂಬರ್ 12ರಂದು ಸಿಂಗಪುರದ ಪುರಭವನದಲ್ಲಿ ಜಪಾನೀ ಸೇನೆಯ ಶರಣಾಗತಿಗೆ ಸಹಿ ಬಿತ್ತು. ಕಾವಲಿನವನು ಹೋದ, ಅವನೊಡನೆ ನಮಸ್ಕಾರವೂ ಹೋಯಿತು. ಮೂರೂವರೆ ವರ್ಷ ಬೆನ್ನು ಬಾಗಿದ್ದು ನಿಜ. ಗೌರವ ಮಾತ್ರ ಒಂದು ದಿನವೂ ಹುಟ್ಟಿರಲಿಲ್ಲ.