ಹಳೆಯ ಪೆಟ್ರೋಲ್ ಕಾರು: ಇಂಜಿನ್ ತಣ್ಣಗಿರುವಾಗಲೇ ನೋಡಿ

ಹಳೆಯ ಸಣ್ಣ ಕಾರು ಕೊಳ್ಳುವಾಗ ಅನೇಕರು ಬಣ್ಣ, ಸೀಟು ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ಇಂಜಿನ್ ಕೆಟ್ಟಿದ್ದರೆ ಉಳಿಸಿದ ಹಣವೆಲ್ಲ ಗ್ಯಾರೇಜಿಗೆ ಹೋಗುತ್ತದೆ.

ಬೆಳಿಗ್ಗೆ, ಮಾರುವವರು ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಹೋಗಬೇಕು. ಬಿಸಿಯಾದ ಇಂಜಿನ್‌ನಲ್ಲಿ ಕೆಲವು ದೋಷಗಳು ಕಾಣುವುದಿಲ್ಲ. ಬಾನೆಟ್ ಮುಟ್ಟಿದರೆ ಗೊತ್ತಾಗುತ್ತದೆ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂತಹ ಕೆನೆ ಇದ್ದರೆ ಆಯಿಲ್‌ಗೆ ನೀರು ಸೇರಿರಬಹುದು.

ಸ್ಟಾರ್ಟ್ ಮಾಡಿಸಿ ಸೈಲೆನ್ಸರ್ ಗಮನಿಸಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಕೊನೆಗೆ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. 796 ಸಿಸಿ ಆಲ್ಟೊದಲ್ಲಿ ಮೂರು ಸಿಲಿಂಡರ್. ಮೂರರಲ್ಲೂ ಒತ್ತಡ ಹೆಚ್ಚುಕಡಿಮೆ ಸಮ ಇರಬೇಕು. ಮೆಕ್ಯಾನಿಕ್ ಮಾತ್ರ ಮಾರುವವರ ಕಡೆಯವರಲ್ಲ, ನಿಮ್ಮ ನಂಬಿಕೆಯವರಾಗಿರಲಿ. ಮುಂಗಡ ಆಮೇಲೆ.