ಮೋಸಹೋದ ಹೂಡಿಕೆದಾರರಿಗೆ ವಕೀಲರೇಕೆ ಸಿಗುವುದಿಲ್ಲ?

ವಂಚನೆ ಒಂದೇ, ಅದಕ್ಕೆ ದೊರೆತ ಪರಿಹಾರ ಮಾತ್ರ ಎರಡು ಬಗೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು, ಲೆಕ್ಕಪತ್ರಗಳಲ್ಲಿ ಸಾವಿರಾರು ಕೋಟಿ ರೂಪಾಯಿಯ ಸುಳ್ಳು ಇರುವುದನ್ನು ಒಪ್ಪಿಕೊಂಡರು. ಅಮೆರಿಕದ ಹೂಡಿಕೆದಾರರು ನ್ಯೂಯಾರ್ಕ್‌ನಲ್ಲಿ ಹೂಡಿದ ಸಾಮೂಹಿಕ ದಾವೆಯಲ್ಲಿ ಕಂಪನಿ 12.5 ಕೋಟಿ ಡಾಲರ್, ಲೆಕ್ಕಪರಿಶೋಧಕ ಸಂಸ್ಥೆ ಪ್ರೈಸ್‌ವಾಟರ್‌ಹೌಸ್ 2.55 ಕೋಟಿ ಡಾಲರ್ ನೀಡಲು 2011ರಲ್ಲಿ ಒಪ್ಪಿದವು. ಅದೇ ಷೇರು ಕೊಂಡ ಭಾರತೀಯರ ಪರವಾಗಿ ಹೂಡಿಕೆದಾರರ ಸಂಘವೊಂದು ರಾಷ್ಟ್ರೀಯ ಗ್ರಾಹಕ ಆಯೋಗದ ಮೆಟ್ಟಿಲೇರಿತು. ಅಲ್ಲಿಯೂ, ಸುಪ್ರೀಂ ಕೋರ್ಟಿನಲ್ಲಿಯೂ ಮನವಿಗೆ ಪುರಸ್ಕಾರ ಸಿಗಲಿಲ್ಲ.

ಈ ಅಂತರಕ್ಕೆ ಕಾನೂನಿನಷ್ಟೇ ವಕೀಲರ ಶುಲ್ಕದ ಪದ್ಧತಿಯೂ ಕಾರಣ.

ಗೆದ್ದರೆ ಪಾಲು

ಅಮೆರಿಕದಲ್ಲಿ ವಕೀಲರು ತಮ್ಮದೇ ಖರ್ಚಿನಲ್ಲಿ ದಾವೆ ನಡೆಸಿ, ಗೆದ್ದರೆ ನ್ಯಾಯಾಲಯ ಒಪ್ಪಿದಷ್ಟು ಪಾಲು ಪಡೆಯುತ್ತಾರೆ. ಎನ್ರಾನ್ ಹಗರಣದಲ್ಲಿ ಷೇರುದಾರರಿಗೆ ಸುಮಾರು 720 ಕೋಟಿ ಡಾಲರ್ ವಸೂಲಿ ಮಾಡಿಸಿದ ವಿಲಿಯಂ ಲೆರಾಕ್ ಈ ವೃತ್ತಿಯಲ್ಲಿಯೇ ಹೆಸರಾದವರು. ಇದಕ್ಕೆ ಇನ್ನೊಂದು ಮುಖವೂ ಇದೆ. ದಾವೆದಾರರಿಗೆ ಗುಟ್ಟಾಗಿ ಹಣ ನೀಡಿದ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡ ಅವರಿಗೆ 2008ರಲ್ಲಿ ಎರಡು ವರ್ಷಗಳ ಸೆರೆವಾಸ ವಿಧಿಸಲಾಯಿತು.

ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಫಲಿತಾಂಶವನ್ನು ಆಧರಿಸಿದ ಶುಲ್ಕವನ್ನಾಗಲಿ, ವಸೂಲಾದ ಹಣದಲ್ಲಿ ಪಾಲನ್ನಾಗಲಿ ನಿಷೇಧಿಸುತ್ತವೆ. ಕಕ್ಷಿದಾರನ ಹಿತ ಕಾಯುವುದು ಇದರ ಆಶಯ. ಆದರೆ ಇಪ್ಪತ್ತು ಸಾವಿರ ರೂಪಾಯಿ ಕಳೆದುಕೊಂಡವನು ವಕೀಲರಿಗೆ ಮುಂಗಡ ಕೊಡಲಾರ. ಹೀಗಾಗಿ ಹೂಡಿಕೆದಾರರ ಪರ ವಾದಿಸುವುದನ್ನೇ ವೃತ್ತಿಯಾಗಿ ನಂಬುವುದು ಇಲ್ಲಿ ಕಷ್ಟ.

ಎರಡು ದಾರಿ

ಷೇರುದಾರರಿಗೆ 2013ರ ಕಂಪನಿ ಕಾಯ್ದೆಯ 245ನೇ ಕಲಮು ಸಾಮೂಹಿಕ ದಾವೆಯ ಹಕ್ಕು ನೀಡಿದೆ. ನೂರು ಮಂದಿ ಒಟ್ಟಾದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬಹುದು. ಲೆಕ್ಕಪರಿಶೋಧಕರಿಂದಲೂ ನಷ್ಟ ಪರಿಹಾರ ಕೇಳಬಹುದು. ನ್ಯಾಯಮಂಡಳಿ ಒಪ್ಪಿದರೆ ದಾವೆಯ ವೆಚ್ಚವನ್ನು ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಯಿಂದ ಮರಳಿ ಪಡೆಯಲು ಅವಕಾಶವಿದೆ. ಆದರೆ ಬಳ್ಳಾರಿ ತಾಲೂಕಿನ ಮೋಕದಲ್ಲಿರುವ ಷೇರುದಾರನಿಗೆ ಈ ಪೀಠ ಇರುವುದು ಮುನ್ನೂರು ಕಿ.ಮೀ.ಗೂ ಆಚೆಯ ಬೆಂಗಳೂರಿನಲ್ಲಿ.

ಠೇವಣಿದಾರರಿಗೆ ರಾಜ್ಯದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಯೇ ಆಸರೆ. ಸರ್ಕಾರ ವಂಚಕ ಸಂಸ್ಥೆಯ ಆಸ್ತಿಯನ್ನು ಜಪ್ತಿ ಮಾಡುತ್ತದೆ. ಸಕ್ಷಮ ಪ್ರಾಧಿಕಾರಿ, ವಿಶೇಷ ನ್ಯಾಯಾಲಯದ ಆದೇಶದಂತೆ ಅದನ್ನು ಮಾರಿ ಹಣ ಹಂಚುತ್ತಾರೆ. 2019ರಲ್ಲಿ ಕುಸಿದ ಬೆಂಗಳೂರಿನ ಐಎಂಎ ಪ್ರಕರಣದಲ್ಲಿ ಅನುಸರಿಸಿದ್ದು ಇದೇ ಕ್ರಮ.

ಕಾಯುವಿಕೆ ಮಾತ್ರ ದೀರ್ಘ. ಜಾರಿ ನಿರ್ದೇಶನಾಲಯದ ಪ್ರಕಾರ ಆಂಧ್ರ ಮೂಲದ ಅಗ್ರಿಗೋಲ್ಡ್, ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಸುಮಾರು 32 ಲಕ್ಷ ಖಾತೆಗಳಿಂದ 6,380 ಕೋಟಿ ರೂಪಾಯಿ ಸಂಗ್ರಹಿಸಿತ್ತು. ಜಪ್ತಾದ ಆಸ್ತಿಯನ್ನು ಸಂತ್ರಸ್ತರಿಗೆ ಮರಳಿಸುವ ಪ್ರಕ್ರಿಯೆಗೆ ದೊಡ್ಡ ಚಾಲನೆ ದೊರೆತದ್ದು 2025ರಲ್ಲಿ, ಅಂದರೆ ಸುಮಾರು ಹತ್ತು ವರ್ಷಗಳ ನಂತರ.

ಅಲ್ಲಿಯವರೆಗೆ ರಸೀದಿ, ಬಾಂಡ್, ಬ್ಯಾಂಕ್ ಪಾಸ್‌ಬುಕ್ ಜೋಪಾನ ಮಾಡುವ ಹೊಣೆ ಹೂಡಿಕೆದಾರನದೇ. ಏಜೆಂಟನ ಮಾತನ್ನು ನಂಬಿ ಅವನ್ನು ಹಿಂದಿರುಗಿಸಿದವರ ಹಕ್ಕನ್ನು ಎಂತಹ ವಕೀಲರೂ ಸುಲಭವಾಗಿ ಸಾಬೀತು ಮಾಡಲಾರರು. ನೆರೆಹೊರೆಯಲ್ಲಿ ಮೋಸಹೋದವರೆಲ್ಲ ಒಂದೇ ಪಟ್ಟಿ ಮಾಡಿಕೊಂಡು ಒಬ್ಬರೇ ವಕೀಲರನ್ನು ನೇಮಿಸಿಕೊಂಡರೆ ಶುಲ್ಕದ ಹೊರೆಯೂ ಹಂಚಿಹೋಗುತ್ತದೆ.